ಬೆಂಕಿ ಕಾಯುವ ಕೆಲಸ

ನನಗೆ ಕೊಟ್ಟದ್ದು ಒಂದು ಒದ್ದೆ ಗೋಣಿ, ಒಂದು ಬಕೆಟ್ ನೀರು,
ವ್ಯಾನಿನೊಳಗೆ ಕೂರಲು ಮೀನಿನ ಪೆಟ್ಟಿಗೆ.
"ಕಿಡಿಯನ್ನು ನೋಡಬೇಡ," ಅಂದಳು ಸ್ವಾಜಿಗ್,
"ಬಿದ್ದ ಮೇಲೆ ಅದು ಏನು ಮಾಡುತ್ತದೆ, ಅದನ್ನು ನೋಡು."
ಅಷ್ಟು ಹೇಳಿ ಗಾಲಿಹಲಗೆಯ ಮೇಲೆ ಮಲಗಿ
ಕೆಳಗೆ ಜಾರಿದಳು, ಬೂಟು ಮಾತ್ರ ಹೊರಗೆ.

ದುವಾರ್ನೆನೆ ಬಂದರಿನ ಹಿಂದಿನ ಶೆಡ್ಡು. ಮಾರ್ಚ್.
ಬಾಗಿಲಿನಾಚೆ ಇಳಿತದ ಕಡಲು,
ಕೆಸರಿನಲ್ಲಿ ಮಗ್ಗುಲಾದ ದೋಣಿಗಳು.
ಅರವತ್ತನಾಲ್ಕರ ಸಿಟ್ರೊಯೆನ್, ಹಂದಿಮೂತಿ,
ಮೈಯೆಲ್ಲ ಸುಕ್ಕುತಗಡು, ನಾಲ್ಕು ಜ್ಯಾಕಿನ ಮೇಲೆ.
ನನ್ನಪ್ಪ ಗೋಲ್ವೆನ್ ಇದರಲ್ಲಿ ಹದಿನೆಂಟು ವರ್ಷ ಸಿಂಪಿ ಮಾರಿದ.
ಸಿಂಪಿ ಅಂದರೆ ನೀರು, ನೀರು ಅಂದರೆ ಉಪ್ಪು,
ಉಪ್ಪಿಗೆ ಭಾನುವಾರವಿಲ್ಲ.

ಮ್ಯಾಟು ಎತ್ತಿದಾಗ ನೆಲ ಅದರ ಜೊತೆಗೇ ಎದ್ದು ಬಂದಿತ್ತು.
ಅಪ್ಪ ನಕ್ಕ: ಕರಿಗೋಧಿ ದೋಸೆ, ನೋಡು,
ಎಲ್ಲರ ಮನೆಯದೂ ತೂತೇ.
ಸ್ವಾಜಿಗ್ ನಗಲಿಲ್ಲ. ಸುತ್ತಿಗೆಯ ತುದಿಯಿಂದ ತಟ್ಟುತ್ತ ಹೋದಳು
ಕಲ್ಲಂಗಡಿ ಆರಿಸುವವಳ ಹಾಗೆ,
ಠಣ್ ಅಂದದ್ದು ಇರಲಿ,
ದಬ್ ಅಂದಲ್ಲಿ ಸೀಮೆಸುಣ್ಣದ ಗೆರೆ.
ಗೆರೆ ಮುಗಿದಾಗ 'ಇರಲಿ' ಅನ್ನುವುದಕ್ಕೆ
ಹೆಚ್ಚೇನೂ ಉಳಿದಿರಲಿಲ್ಲ.

ಡ್ರೈವರ್ ಸೀಟಿನಡಿ ಕತ್ತರಿಸುವಾಗ ಸಿಕ್ಕವು
ಇಪ್ಪತ್ತು ಸಾಂತೀಮಿನ ಮೂರು ನಾಣ್ಯ,
ಸಿಂಪಿ ಬಿಡಿಸುವ ಚಾಕುವಿನ ಮುರಿದ ಮೊನೆ,
ಮತ್ತೊಂದು ಹಳೆಯ ತೇಪೆ:
ಸಾರ್ಡೀನ್ ಕಾರ್ಖಾನೆಯ ಎಣ್ಣೆಡಬ್ಬಿ, ಬಡಿದು ಚಪ್ಪಟೆ ಮಾಡಿದ್ದು,
ಸುತ್ತ ಬೆಸುಗೆ ಗಂಟು ಗಂಟು,
ಕಡಲಹಕ್ಕಿ ಹಿಕ್ಕೆ ಹಾಕಿದ ಹಾಗೆ.

ಗ್ರೈಂಡರ್ ನಿಂತಿತು.
ಮುಖವಾಡ ಎತ್ತಿದಳು. ಹೆಬ್ಬೆರಳಿನಿಂದ
ಒಂದೊಂದೇ ಗಂಟು ಸವರಿದಳು.
"ಇದು ನಂದೇ."
ಹದಿನಾಲ್ಕು ತುಂಬಿತ್ತಂತೆ. ವ್ಯಾನು ಆಗ ಬೇಕರಿಯದು,
ಗ್ಯಾರೇಜು ಸೋದರಮಾವನದು. ಹುಡುಗಿಯ ಕೈಗೆ ಕೊಡಬೇಡ
ಅಂದವರು ಅಂದರು. ಮಾವ ಅಂದು ಕಿವುಡನಾಗಿದ್ದ.
ಆಮೇಲೆ ಸ್ಯಾಂ-ನಜೇರಿನ ಹಡಗುಕಟ್ಟೆ, ಮೂವತ್ತೊಂದು ವರ್ಷ,
ಹನ್ನೆರಡು ಅಂತಸ್ತಿನ ಹಡಗುಗಳ ಹೊಟ್ಟೆಗೆ ಹೊಲಿಗೆ ಹಾಕಿದ ಕೈ.

ಇಟ್ಟುಕೊಳ್ಳೋಣವೇ, ಅಂದೆ. ಒಂದು ಮೂಲೆಯನ್ನಾದರೂ.
ಹುಳುಕು ಹಲ್ಲು ಉಳಿಸಿಕೊಡಿ ಅಂದವನನ್ನು
ಡಾಕ್ಟರು ನೋಡುವ ಹಾಗೆ ನೋಡಿದಳು.
"ತುಕ್ಕಿಗೆ ಬೆರಳು ಕೊಟ್ಟರೆ ಹಸ್ತ ನುಂಗುತ್ತದೆ."
ಗ್ರೈಂಡರ್ ಮತ್ತೆ ಕೂಗಿತು.
ಹದಿನಾಲ್ಕರ ಹುಡುಗಿ ಗುಜರಿ ಡಬ್ಬಿಗೆ ಬಿದ್ದಳು, ಠಣಾರನೆ.

ಹೊಸ ತಗಡು ಲಿಯೋನಿನಿಂದ ಬಂದಿತ್ತು,
ಕಪ್ಪು ಬಳಿದು, ಏಣುಗಳನ್ನೆಲ್ಲ ಅಚ್ಚಿನಲ್ಲಿ ಒತ್ತಿ.
ಕೂರಲಿಲ್ಲ. ಒಂದು ಬೆರಳಗಲ ಹೆಚ್ಚು.
ಬ್ರೆಟನ್ ಭಾಷೆಯಲ್ಲಿ ಬೈದಳು;
ಫ್ರೆಂಚಿನ ಬೈಗಳೂ ಸರಿಯಾಗಿ ಕೂರುವುದಿಲ್ಲವಂತೆ.

ಬೆಸುಗೆ ಗೆರೆಯಲ್ಲ, ಚುಕ್ಕಿ.
ಒಂದು ಇಲ್ಲಿ, ಇನ್ನೊಂದು ಮೊಳ ದೂರ, ಮೂರನೆಯದು ಎಡಕ್ಕೆ,
ರಂಗೋಲಿ ಮರೆತವರು ಚುಕ್ಕಿ ಇಟ್ಟ ಹಾಗೆ.
ಒಂದೇ ಕಡೆ ಕಾಸಿದರೆ ತಗಡು ಮುನಿದು ಸೊಟ್ಟಗಾಗುತ್ತದೆ.
ಚುಕ್ಕಿ ಇಟ್ಟು ಕಾಯುವುದು. ಕೈಯಿಟ್ಟು ನೋಡುವುದು. ಮತ್ತೆ ಚುಕ್ಕಿ.
ಒಂದು ಮೊಳ ಕೂಡಲು ಒಂದು ಮಧ್ಯಾಹ್ನ.

ಬೆಂಕಿ ಬಂದಾಗ ಬೆಂಕಿಯ ಹಾಗೆ ಬರಲಿಲ್ಲ.
ಮೊದಲು ವಾಸನೆ, ಹಳೆಯ ಡಾಂಬರಿನದು.
ಆಮೇಲೆ ಹಲಗೆಯ ಸಂದಿಯಲ್ಲಿ ಉಗುರಿನಷ್ಟು ಹಳದಿ,
ನಾಚುವ ಮಗು ಬಾಗಿಲ ಹಿಂದಿನಿಂದ ಇಣುಕಿದ ಹಾಗೆ.
ಒಂದು ಗಳಿಗೆ ನೋಡುತ್ತಲೇ ಇದ್ದೆ.
ಇದನ್ನು ಅವಳಿಗೆ ಹೇಳಿಲ್ಲ.
ಆಮೇಲೆ ಗೋಣಿ.
ಕೆಳಗಿನಿಂದ ದನಿ: "ಏನು?"
"ಏನಿಲ್ಲ."

ಸಂಜೆ ಶೆಡ್ಡಿನ ದೀಪ ಆರಿಸಿ
ವ್ಯಾನಿನಡಿ ಕೈದೀಪ ಇಟ್ಟಳು.
ನಾವಿಬ್ಬರೂ ಒಳಗೆ, ಕತ್ತಲಲ್ಲಿ, ಮೊಣಕಾಲೂರಿ ಹುಡುಕಿದೆವು.
ಅಪ್ಪ ಕಾಫಿ ಹಿಡಿದು ಬಾಗಿಲಲ್ಲೇ ನಿಂತ,
ಹತ್ತಿದರೆ ನೆಲ ಕುಸಿಯುತ್ತದೆಂಬ ಹಳೆಯ ಅಭ್ಯಾಸ.

ಕ್ಲಚ್ಚಿನ ಹತ್ತಿರ ಒಂದು. ಸಾಸಿವೆಗಿಂತ ಸಣ್ಣದು.
ಅವಳು ಅದರ ಮೇಲೆ ಬೆರಳಿಟ್ಟಳು,
ಉಗುರಿನ ಅಂಚು ಕೆಂಪಗಾಯಿತು.
ಬೆರಳು ತೆಗೆಯದೆ ಇನ್ನೊಂದು ಕೈ ನನ್ನತ್ತ ಚಾಚಿ
"ಸೀಮೆಸುಣ್ಣ," ಅಂದಳು.